ಅತ್ತಿಗೆ ನನಗೆ ಬಡಿಸದ ಸಾರು

ನನ್ನ ಅತ್ತಿಗೆ ಸಾರು ಬಡಿಸಿ ಜನರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ನಗುವುದಾದರೆ ನಗಿ. ಆ ಸಾರು ಕುಡಿದು ಎದ್ದು ಹೋದವರಲ್ಲಿ ಸಂಘದ ಕಾರ್ಯದರ್ಶಿ ಇದ್ದಾರೆ, ನಮ್ಮ ದೊಡ್ಡಮ್ಮನ ಮಗ ಇದ್ದಾನೆ, ಕೊನೆಗೆ ಅತ್ತಿಗೆಯ ಸ್ವಂತ ಗಂಡನೂ ಇದ್ದಾನೆ. ಮಸ್ಕತ್ತಿನಲ್ಲಿ ಅಷ್ಟು ಹೆಸರು ಮಾಡಿದ ಆ ಸಾರನ್ನು ಕುಡಿಯದೆ ಉಳಿದವಳು ನಾನೊಬ್ಬಳೇ. ಹದಿನಾಲ್ಕು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ. ಅದರ ರುಚಿ ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ತಲೆ ನೋಯುತ್ತದೆ. ನಾನು ಬೆಳೆದದ್ದು ಮಂಗಳೂರಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ. ಬೆಲ್ಲಿಗೆ ಏಳಬೇಕು, ಬೆಲ್ಲಿಗೆ ಮೀಯಬೇಕು, ಬೆಲ್ಲಿಗೆ ಉಣ್ಣಬೇಕು. ಮುಂದೆ ಗಣಿತದ ಟೀಚರ್ ಆದೆ. ಬೆಲ್ಲು ಹೊಡೆಸುವ ಅಧಿಕಾರ ನನ್ನ ಕೈಗೇ ಬಂತು. ಊಟದಲ್ಲಂತೂ ನಾನು ರಾಜಿಯಾಗುವವಳಲ್ಲ. ಎಲೆಯ ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಪಲ್ಯ, ಅನ್ನ, ಸಾರು, ಸಾಂಬಾರು, ಪಾಯಸ, ಮಜ್ಜಿಗೆ. ಆಮೇಲೆ, ಊಟ ಮುಗಿಯಿತೆಂದು ಎಲೆ ಮಡಚಿ ಏಳುವುದು. ಇದರಲ್ಲಿ ಒಂದು ಹಿಂದುಮುಂದಾದರೂ ನಾನು ಬಡಿಸುವವರನ್ನು ನಿಲ್ಲಿಸಿ ಕೇಳುತ್ತೇನೆ. ಇದರಿಂದಾಗಿ ಮದುವೆ ಮನೆಗಳಿಗೆ ನನ್ನನ್ನು ಕರೆಯುವವರು ಕಡಿಮೆಯಾಗಿದ್ದಾರಂತೆ. ಕ್ರಮವಿಲ್ಲದ ಊಟ ತಪ್ಪಿಹೋದರೆ ಯಾರಿಗೆ ನಷ್ಟ?

ಇಂಥ ನನಗೆ ನನ್ನ ಅಣ್ಣ ತಂದ ಅತ್ತಿಗೆ ನೇವಾರರವರು. ನೇವಾರರೆಂದರೆ ಕಾಠ್ಮಂಡು ಕಣಿವೆಯ ಹಳೆಯ ನಿವಾಸಿಗಳು. ಅವರದೇ ಭಾಷೆ, ಅವರದೇ ಹಬ್ಬ. ಅಣ್ಣ ಎಪ್ಪತ್ತರ ದಶಕದಲ್ಲಿ ರಸ್ತೆ ಕೆಲಸದ ಮೇಲ್ವಿಚಾರಕನಾಗಿ ನೇಪಾಳಕ್ಕೆ ಹೋಗಿದ್ದ. ಕಾಠ್ಮಂಡುವಿನ ಪಕ್ಕದ ಪಾಟಣದಲ್ಲಿ ಒಬ್ಬ ರೈತನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಒಮ್ಮೆ ಅವನಿಗೆ ಜ್ವರ ಬಂದಾಗ ಕೆಳಗಿನ ಮನೆಯವರು ಒಂದು ಬಟ್ಟಲು ಸಾರು ಕಳಿಸಿಕೊಟ್ಟರು. ಬಟ್ಟಲು ಹಿಂದಿರುಗಿಸಲು ಕೆಳಗಿಳಿದವನು ಮದುವೆ ಮಾಡಿಕೊಂಡೇ ಮೇಲೆ ಹತ್ತಿದ.

ಎಂಬತ್ತರ ದಶಕದ ನಡುವಿನಲ್ಲಿ ಮಸ್ಕತ್ತಿನ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಷ್ಟು ಹೊತ್ತಿಗೆ ಅಣ್ಣ ಅತ್ತಿಗೆ ಅಲ್ಲಿನ ದಾರ್ಸೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ನೆಲೆಯಾಗಿದ್ದರು. ಒಂಟಿ ಹೆಂಗಸಿಗೆ ಆ ಊರಿನಲ್ಲಿ ಬೇರೆ ಮನೆ ಹಿಡಿಯುವುದು ಆಗದ ಮಾತು. ಅಣ್ಣನ ಮನೆಯೇ ಗತಿ. ಬಂದ ದಿನವೇ ಅಣ್ಣ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಎಚ್ಚರಿಸಿದ.

"ನೋಡು, ಇಲ್ಲಿ ಎಲ್ಲದಕ್ಕೂ ಒಂದೊಂದು ಸಾರು ಉಂಟು. ಹೆತ್ತವಳಿಗೆ ಓಮದ ಸಾರು. ಶ್ರಾವಣದ ಹುಣ್ಣಿಮೆಗೆ ಒಂಬತ್ತು ಕಾಳಿನ ಸಾರು, ಅದಕ್ಕೆ ಕ್ವಾಟಿ ಅಂತ ಹೆಸರು. ಔತಣದ ಕೊನೆಗೆ ಲಪ್ಸಿಯ ಹುಳಿಸಾರು, ಪೌಂ ಕ್ವಾ."

"ಲಪ್ಸಿ ಅಂದರೆ?"

"ನಮ್ಮ ಅಮಟೆಕಾಯಿಯ ಹಾಗೆ, ಒಂದು ಹುಳಿ ಹಣ್ಣು. ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಅದರ ಸಾರು ಸಣ್ಣ ಹಿತ್ತಾಳೆ ಬಟ್ಟಲಲ್ಲಿ ನಿನ್ನ ಮುಂದೆ ಬಂತು ಅಂತಾದರೆ ಊಟ ಮುಗಿಯಿತು, ಇನ್ನು ಏಳಿ ಅಂತ ಅರ್ಥ."

"ಎಲ್ಲಿಗೆ ಏಳುವುದು?"

"ಅದು ಏಳುವವರಿಗೆ ಬಿಟ್ಟದ್ದು," ಎಂದ ಅಣ್ಣ.

ಅವತ್ತಿನಿಂದ ನಾನು ಪ್ರತಿ ರಾತ್ರಿ ಊಟಕ್ಕೆ ಕೂತಾಗ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಆ ಸಣ್ಣ ಹಿತ್ತಾಳೆ ಬಟ್ಟಲು ಹೊರಬಂದರೆ ನನ್ನ ಓಮಾನ್ ವಾಸ ಖಲಾಸ್.

ಅದರ ಶಕ್ತಿಯನ್ನು ನಾನು ಮೊದಲು ಕಂಡದ್ದು ದೊಡ್ಡಮ್ಮನ ಮಗ ಬಂದಾಗ. ಅವನು ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಬಂದವನು, ಹುಡುಕಾಟವನ್ನು ನಮ್ಮ ಸೋಫಾದ ಮೇಲೆಯೇ ನಡೆಸಿದ. ಮಧ್ಯಾಹ್ನ ಮಲಗಿ ಹುಡುಕುತ್ತಿದ್ದ, ಸಂಜೆ ಟೀವಿಯಲ್ಲಿ ಹುಡುಕುತ್ತಿದ್ದ. ಎರಡು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಅಡುಗೆಮನೆಯಿಂದ ಹುಳಿಯೂ ಮೆಂತೆಯೂ ಸೇರಿದ ಒಂದು ಗಮ್ಮೆನ್ನುವ ವಾಸನೆ ಬಂತು. ನನ್ನ ಸರದಿ ಬಂತೆಂದುಕೊಂಡೆ. ಅತ್ತಿಗೆ ಬಟ್ಟಲು ತಂದು ಅವನ ಮುಂದೆ ಇಟ್ಟರು. ಅವನು ಎತ್ತಿ ಕುಡಿದ. ನಾವು ಮೂವರೂ ಅವನು ಏಳುವುದನ್ನೇ ಕಾದೆವು.

"ಅತ್ತಿಗೆ, ಇದೆಂತ ಸಾರು? ಭಾರೀ ಲಾಯಕ್ ಉಂಟು," ಎಂದ ಅವನು. "ಇನ್ನೊಂದು ಬಟ್ಟಲು ಹಾಕಿ."

ಅತ್ತಿಗೆ ಹಾಕಿದರು. ಮರುದಿನವೂ ಬಡಿಸಿದರು, ಅವನು ಮರುದಿನವೂ ಎರಡು ಬಟ್ಟಲು ಕುಡಿದ. ವಾರ ಕಳೆಯಿತು. ಲಪ್ಸಿ ಹಸಿವನ್ನು ಹೆಚ್ಚಿಸುವ ವಸ್ತುವಂತೆ. ಅವನ ಊಟ ಇಮ್ಮಡಿಯಾಯಿತು. ಕೊನೆಗೆ ಅತ್ತಿಗೆ ಖಾಲಿಯಾಗುತ್ತ ಬಂದ ಡಬ್ಬಿಯನ್ನು ನನ್ನ ಮುಂದೆ ಕುಟ್ಟಿ ಇಟ್ಟರು.

"ನಿನ್ನ ತಮ್ಮನಿಗೆ ನೀನೇ ಹೇಳು ಮಾರಾಯ್ತಿ. ನನ್ನ ಸಾರು ಅವನಿಗೆ ಅರ್ಥ ಆಗುದಿಲ್ಲ."

ಅತ್ತಿಗೆಯ ಕನ್ನಡ ಹೀಗೆಯೇ. ನಮ್ಮ ಮನೆಮಾತು ತುಳು. ತುಳು ಹೇಗೂ ತಾನಾಗಿ ಬರುತ್ತದೆಂದು ಅಣ್ಣ ಅವರಿಗೆ ಕನ್ನಡ ಕಲಿಸಿದ. ತುಳು ಬರಲೇ ಇಲ್ಲ, ಕನ್ನಡ ಮಾತ್ರ ಮಂಗಳೂರಿನಲ್ಲಿ ಹುಟ್ಟಿದವರಿಗಿಂತ ಮಂಗಳೂರಿನದಾಗಿ ಬಂತು.

ನಾನು ಅವನನ್ನು ಕೂರಿಸಿ, ಪ್ರಮೇಯ ಬಿಡಿಸುವ ಹಾಗೆ ಹಂತ ಹಂತವಾಗಿ ವಿವರಿಸಿದೆ. ಅವನ ಮುಖ ಬಾಡಿತು.

"ಮೊದಲೇ ಹೇಳ್ಬಾರದಾ ಅಕ್ಕ? ನಾನು ದಿನಾ ಎರಡೆರಡು ಸಲ ಹಾಕಿಸಿಕೊಂಡೆನಲ್ಲ."

"ಅಂದರೆ ದಿನಾ ಎರಡೆರಡು ಸಲ ನಿನ್ನನ್ನು ಹೊರಗೆ ಹಾಕಿದ್ದಾರೆ," ಎಂದೆ.

ಅದೇ ವಾರ ಅವನು ಸುವೈಕ್ ಎಂಬ ಊರಿನ ಒಂದು ಅಂಗಡಿಯಲ್ಲಿ ಕೆಲಸ ಹಿಡಿದ. ಅಲ್ಲಿಯವರೆಗೆ ಎರಡು ತಿಂಗಳಲ್ಲಿ ಸಿಗದ ಕೆಲಸ ಹೇಗೆ ಸಿಕ್ಕಿತೆಂದು ಕೇಳಬೇಡಿ. ಮುಂದೆ ಮಸ್ಕತ್ತಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಅತ್ತಿಗೆ, ನನಗೆ ಸಂಜೆ ವಾಪಸು ಹೋಗ್ಲಿಕ್ಕೆ ಉಂಟು, ಸಾರು ಮೊದಲೇ ಕೊಡಿ," ಎನ್ನುತ್ತಿದ್ದ. ಅತ್ತಿಗೆ ಕೊಡುತ್ತಿದ್ದರು.

ಇನ್ನು ಕ್ವಾಟಿಯ ಕಥೆ. ಕಡಲೆ, ಹೆಸರು, ಉದ್ದು, ಅಲಸಂದೆ, ಬಟಾಣಿ, ಸೋಯಾ, ಹೀಗೆ ಒಂಬತ್ತು ಕಾಳುಗಳನ್ನು ನೆನೆಸಿ, ಮೊಳಕೆ ಬರಿಸಿ, ಓಮದ ಒಗ್ಗರಣೆ ಕೊಟ್ಟು ಮಾಡುವ ಸಾರು. ಗದ್ದೆ ನಾಟಿ ಮುಗಿಸಿ, ಮಳೆಯಲ್ಲಿ ನೆನೆದು ದಣಿದವರ ಮೈ ಬೆಚ್ಚಗಾಗಲಿ, ಬಲ ಬರಲಿ ಎಂದು ಶ್ರಾವಣದ ಹುಣ್ಣಿಮೆಗೆ ಅದನ್ನು ಉಣ್ಣುವುದು. ಮಸ್ಕತ್ತಿನ ಆಗಸ್ಟಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿ ಯಾರ ಮೈ ಬೆಚ್ಚಗಾಗಬೇಕು?

"ಏ.ಸಿ. ಜೋರು ಮಾಡು," ಎಂದರು ಅತ್ತಿಗೆ. "ಮೈ ತಣ್ಣಗಾಗ್ತದೆ. ಆಮೇಲೆ ಕ್ವಾಟಿ ಕುಡಿ."

ಕುಡಿದೆವು. ಅಷ್ಟಕ್ಕೆ ಮುಗಿಯಲಿಲ್ಲ. ಆ ದಿನ ಗದ್ದೆಯ ಕಪ್ಪೆಗೂ ಊಟ ಕೊಡಬೇಕಂತೆ. ಮಳೆ ಕರೆದವನು ಅವನು, ಪೈರಿನ ಹುಳ ತಿಂದವನು ಅವನು. ಅವನಿಗೆ ಕೊಡದೆ ನಾವು ಉಂಡರೆ ಹೇಗೆ? ಅತ್ತಿಗೆಯ ಅಪ್ಪ ಪ್ರತಿ ವರ್ಷ ಗದ್ದೆಯ ಬದುವಿನಲ್ಲಿ ಎಲೆ ಹಾಕಿ ಕಪ್ಪೆಗೆ ಬಡಿಸುತ್ತಿದ್ದರಂತೆ. ಆದರೆ ದಾರ್ಸೈಟಿನಲ್ಲಿ ಕಪ್ಪೆ ಎಲ್ಲಿದೆ? ನಮ್ಮ ಕಟ್ಟಡದ ಸುತ್ತ ಇದ್ದದ್ದು ಬೋಳು ಗುಡ್ಡ ಮತ್ತು ಪಾರ್ಕಿಂಗ್.

ಶುಕ್ರವಾರ ಅಣ್ಣ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ನಿಜ್ವಾ ದಾರಿಯ ಒಂದು ಹಳ್ಳಿಗೆ ಹೋದ. ಅಲ್ಲಿ ಖರ್ಜೂರದ ತೋಟದ ನಡುವೆ ಫಲಜ್ ಹರಿಯುತ್ತಿತ್ತು. ಬೆಟ್ಟದ ಬುಡದಿಂದ ಊರಿಗೆ ನೀರು ತರುವ ಹಳೆಯ ಕಾಲುವೆ ಅದು. ನೀರಿದ್ದ ಮೇಲೆ ಕಪ್ಪೆಯೂ ಇರಬೇಕೆಂಬುದು ಅತ್ತಿಗೆಯ ಲೆಕ್ಕ. ಅವರು ಕ್ವಾಟಿಯ ಪಾತ್ರೆ ಹಿಡಿದುಕೊಂಡು ಕಾಲುವೆಯ ದಂಡೆಯಲ್ಲಿ ಬಗ್ಗಿ ಬಗ್ಗಿ ನಡೆದರು. ನೆರಳಿನಲ್ಲಿ ಕೂತಿದ್ದ ಬಿಳಿ ಗಡ್ಡದ ಮುದುಕನೊಬ್ಬ ಎದ್ದು ಬಂದ. ಏನು ಕಳೆದುಕೊಂಡಿದ್ದೀರಿ ಎಂದು ಅರಬಿಯಲ್ಲಿ ಕೇಳಿರಬೇಕು.

ಅಣ್ಣನಿಗೆ ಆಫೀಸಿಗೆ ಬೇಕಾದಷ್ಟು ಅರಬಿ ಬರುತ್ತಿತ್ತು. ಆಫೀಸಿನಲ್ಲಿ ಕಪ್ಪೆಯ ಪ್ರಸ್ತಾಪ ಬರುವುದಿಲ್ಲ. ಬೇರೆ ದಾರಿ ಕಾಣದೆ ಅವನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕುಕ್ಕರಗಾಲಿನಲ್ಲಿ ಕೂತ, ಕೆನ್ನೆ ಉಬ್ಬಿಸಿದ, "ವಟರ್, ವಟರ್," ಎಂದ. ಮುದುಕ ಸುಮ್ಮನೆ ನೋಡಿದ. ಅಣ್ಣ ಎರಡು ಸಲ ಜಿಗಿದೂ ತೋರಿಸಿದ.

ಮುದುಕ ಗಡ್ಡ ನೀವಿಕೊಂಡು ಸ್ವಚ್ಛ ಹಿಂದಿಯಲ್ಲಿ, "ಮೇಂಡಕ್ ಚಾಹಿಯೇ ಕ್ಯಾ?" ಎಂದ.

ಅವನು ಪ್ರಾಯದಲ್ಲಿ ಹಡಗಿನಲ್ಲಿ ಬೊಂಬಾಯಿಗೆ ಓಡಾಡಿದವನಂತೆ. ಮೊದಲೇ ಹೇಳಬಾರದಿತ್ತೇ ಎಂದರೆ, ಅಷ್ಟು ದೊಡ್ಡ ಕಪ್ಪೆಯನ್ನು ತಾನು ನೋಡಿರಲಿಲ್ಲ, ಪೂರ್ತಿ ನೋಡೋಣ ಎಂದು ಕಾದೆ ಎಂದ. ಆಮೇಲೆ ನಮ್ಮನ್ನು ಒಂದು ತೊಟ್ಟಿಯ ಬಳಿಗೆ ಕರೆದೊಯ್ದ. ಕಲ್ಲಿನ ಸಂದಿಯಲ್ಲಿ ಮಣ್ಣಿನ ಬಣ್ಣದ ಎರಡು ಕಪ್ಪೆಗಳು ಕೂತಿದ್ದವು. ಅತ್ತಿಗೆ ಎಲೆಯ ಮೇಲೆ ಕಾಳು ಬಡಿಸಿ ಕೈ ಮುಗಿದರು. ಕಪ್ಪೆಗಳು ಮುಟ್ಟಲಿಲ್ಲ. ಮುದುಕ ಪಾತ್ರೆಯೊಳಗೆ ಇಣುಕಿ, "ಅವರಿಗೆ ಹಸಿವಿಲ್ಲ, ನನಗೆ ಉಂಟು," ಎಂದು ಅಲ್ಲಿಯೇ ಕೂತು ಎರಡು ಬಟ್ಟಲು ಕ್ವಾಟಿ ಕುಡಿದ. ವರ್ಷ ವರ್ಷವೂ ನಾವು ಅಲ್ಲಿಗೆ ಹೋಗುತ್ತಿದ್ದೆವು. ಕಪ್ಪೆಗಳು ಒಮ್ಮೆಯೂ ತಿನ್ನಲಿಲ್ಲ, ಮುದುಕ ಒಮ್ಮೆಯೂ ಬಿಡಲಿಲ್ಲ.

ದಾರ್ಸೈಟಿನ ನಮ್ಮವರಿಗೆ ಈ ಸುದ್ದಿ ಸಿಕ್ಕಿದ್ದೇ ತಡ, ಕಪ್ಪೆ ಪೂಜೆ ಮಾಡುವ ಮನೆ ಎಂದು ನಮಗೆ ಹೆಸರು ಬಿತ್ತು. ಮೊದಲೇ ಅತ್ತಿಗೆಯ ಸಾಸಿವೆ ಎಣ್ಣೆಯ ಒಗ್ಗರಣೆ ಮೂರು ಮಹಡಿಯವರ ಮೂಗಿಗೆ ತಲುಪುತ್ತಿತ್ತು. ಕೆಳಮನೆಯ ಹುಡುಗಿ ಹೆತ್ತಾಗ ಅವಳ ತಾಯಿಗೆ ವೀಸಾ ಸಿಗಲಿಲ್ಲ; ಅತ್ತಿಗೆ ದಿನಾ ಓಮದ ಸಾರು ಮಾಡಿ ಕೊಂಡುಹೋದರು. ಅವಳ ಗಂಡ ಬಾಗಿಲಿಗೆ ಅಡ್ಡ ನಿಂತು, "ನಮ್ಮಲ್ಲಿ ಇದೆಲ್ಲ ಅಭ್ಯಾಸ ಇಲ್ಲ," ಎಂದ.

"ಹೆತ್ತದ್ದು ನೀನಾ?" ಎಂದು ಕೇಳಿ ಅತ್ತಿಗೆ ಅವನ ಪಕ್ಕದಿಂದ ಒಳಗೆ ಹೋದರು.

ಮಸ್ಕತ್ತಿನ ನಮ್ಮ ಊರವರ ಸಂಘದ ಸಹಭೋಜನದಲ್ಲಿ ಮಾತು ಬೆಳೆಯಿತು. ಮನೆಗೊಂದು ಅಡುಗೆ ತರಬೇಕು. ಕಾರ್ಯದರ್ಶಿಯವರ ಫೋನ್ ಬಂತು: "ನೀವು ಸುಮ್ಮನೆ ಕಷ್ಟಪಡಬೇಡಿ, ಕಾಗದದ ತಟ್ಟೆ ತಂದರೆ ಸಾಕು." ಅತ್ತಿಗೆ ಹೂಂ ಎಂದರು. ಅವತ್ತು ತಟ್ಟೆಯ ಕಟ್ಟಿನ ಜೊತೆ ಒಂದು ದೊಡ್ಡ ಪಾತ್ರೆಯೂ ಬಂತು. ಕಾರ್ಯದರ್ಶಿಯವರು ಮುಚ್ಚಳ ತೆಗೆದು ನೋಡಿದರು, ನಕ್ಕರು, ಒಂದು ಚೀಟಿಯಲ್ಲಿ 'ಮೊಳಕೆ ಕಾಳಿನ ಸಾರು' ಎಂದು ಬರೆದು ಅಂಟಿಸಿದರು. ಅತ್ತಿಗೆ ಅದನ್ನು ಕಿತ್ತು ಮಡಚಿ ಅವರ ಕೈಗೇ ಕೊಟ್ಟರು. ನಾನು ಕಲಿಸಿದ ಕನ್ನಡ ಅಕ್ಷರದಲ್ಲಿ ಬೇರೆ ಚೀಟಿ ಬರೆದರು: ಕ್ವಾಟಿ.

"ಯಾರಿಗೆ ಅರ್ಥ ಆಗ್ತದೆ ಇದು?" ಎಂದರು ಕಾರ್ಯದರ್ಶಿಯವರು.

"ತಿಂದರೆ ಅರ್ಥ ಆಗ್ತದೆ. ನಿಮ್ಮ ಪತ್ರೊಡೆಗೆ ನಾನು ಎಲೆಯ ಸುರುಳಿ ಅಂತ ಬರೆದು ಹಾಕ್ಲಾ?"

ಪಾತ್ರೆ ಖಾಲಿಯಾಯಿತು, ಪತ್ರೊಡೆಗಿಂತ ಮೊದಲೇ ಖಾಲಿಯಾಯಿತೆಂದು ನಾನು ಇಲ್ಲಿ ದಾಖಲಿಸುತ್ತೇನೆ, ಬೇಕಾದವರು ಬೇಸರಪಟ್ಟುಕೊಳ್ಳಲಿ. ಮುಂದಿನ ತಿಂಗಳು ಅದೇ ಕಾರ್ಯದರ್ಶಿಯವರು ಚಂದಾ ಕೇಳಲು ನಮ್ಮ ಮನೆಗೆ ಬಂದರು. ನೀರು ಕೊಡುವ ಮೊದಲೇ ಹಿತ್ತಾಳೆ ಬಟ್ಟಲು ಹೊರಬಂತು.

ಈಗ ನನ್ನ ವಿಷಯ. ಒಂದು ರಜೆಯ ದಿನ ಅತ್ತಿಗೆ ರುವಿಯ ಮಾರ್ಕೆಟ್ಟಿಗೆ ಹೋಗಿದ್ದಾಗ ನಾನು ಅಡುಗೆಮನೆಯನ್ನು ಸರಿಪಡಿಸಿದೆ. ಕಾಳಿನ ಡಬ್ಬಿಗಳು ಒಂದು ಇಲ್ಲಿ, ಒಂದು ಅಲ್ಲಿ. ಎತ್ತರಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿ, ಎಲ್ಲಕ್ಕೂ ಹೆಸರು ಅಂಟಿಸಿದೆ. ನನ್ನ ಪ್ರಕಾರ ಅದು ಈಗಲೂ ಸರಿಯಾದ ಕೆಲಸ. ಅತ್ತಿಗೆ ಬಂದು ನೋಡಿದರು. ಅಣ್ಣ ಆಫೀಸಿನಿಂದ ಬಂದವನು, "ಅರೆ, ಎಷ್ಟು ಚಂದ ಆಗಿದೆ," ಎಂದ. ಅತ್ತಿಗೆ ಹೋಗಿ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಲಪ್ಸಿ ಕುದಿಯುವ ವಾಸನೆ ಬಂತು.

ನಾನು ನೇರ ಕೋಣೆಗೆ ಹೋಗಿ ಸೂಟ್‌ಕೇಸ್ ತುಂಬಿದೆ. ಸೀರೆ ಒಂದು ಕಡೆ, ಪುಸ್ತಕ ಒಂದು ಕಡೆ. ಯಾರ ಮನೆಯ ಬಾಗಿಲು ತಟ್ಟಬೇಕು, ನಾಳೆ ಶಾಲೆಗೆ ಹೇಗೆ ಹೋಗಬೇಕು, ಎಲ್ಲ ಯೋಚಿಸಿಕೊಂಡು, ಮುಖ ತೊಳೆದು, ಊಟಕ್ಕೆ ಬಂದು ಕೂತೆ. ಅಳುವ ಪದ್ಧತಿ ನನಗಿಲ್ಲ. ಬಟ್ಟಲು ಬಂತು. ನನ್ನ ತಟ್ಟೆಯನ್ನು ದಾಟಿ ಅಣ್ಣನ ಮುಂದೆ ಕೂತಿತು.

ಅಣ್ಣ ಬಟ್ಟಲನ್ನು ನೋಡಿದ, ಹೆಂಡತಿಯನ್ನು ನೋಡಿದ, ಕುಡಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಕಾರಿನಲ್ಲಿ ಕೂತ. ನಾವಿಬ್ಬರೂ ಪಾತ್ರೆ ತೊಳೆದಿಟ್ಟ ಮೇಲೆ ಅತ್ತಿಗೆ ಬಾಲ್ಕನಿಯಿಂದ ಕೈ ಬೀಸಿ ಅವನನ್ನು ಮೇಲೆ ಕರೆದರು. ಡಬ್ಬಿಗಳು ಬೆಳಗಾಗುವುದರೊಳಗೆ ಹಳೆಯ ಜಾಗಕ್ಕೆ ಹೋಗಿದ್ದವು. ನಾನು ಅಂಟಿಸಿದ ಹೆಸರುಗಳನ್ನು ಮಾತ್ರ ಅವರು ಕೀಳಲಿಲ್ಲ.

ನನಗೆ ಒಗಟಾದದ್ದು ಒಂದೇ. ತಪ್ಪು ಮಾಡಿದವಳು ನಾನಾದರೆ, ಸಾರು ಅಣ್ಣನಿಗೆ ಯಾಕೆ? ಕೇಳಿದರೆ ಅತ್ತಿಗೆ, "ಅವನು ಕಾರಿನಲ್ಲಿ ಕೂರ್ತಾನೆ. ನೀನು ಎಲ್ಲಿ ಕೂರ್ತಿ?" ಎಂದು ಮಾತು ಹಾರಿಸಿದರು.

ತೊಂಬತ್ತರ ದಶಕ ಮುಗಿಯುತ್ತ ಬಂತು. ಶಾಲೆಯ ಕೆಲಸ ಬಿಟ್ಟು ನಾನು ಊರಿಗೆ ಹೊರಟೆ, ವಾಪಸು ಬರುವ ಟಿಕೆಟ್ ಇಲ್ಲದೆ. ಹೊರಡುವ ದಿನ ಮಧ್ಯಾಹ್ನ ಅತ್ತಿಗೆ ಎಲ್ಲಿಂದಲೋ ಬಾಳೆಲೆ ತರಿಸಿದ್ದರು. ಶ್ರಾವಣ ಅಲ್ಲದಿದ್ದರೂ ಕ್ವಾಟಿ ಮಾಡಿದ್ದರು. ಅವರ ಅವಲಕ್ಕಿ, ಹುರಿದ ಸೋಯಾ, ಆಲೂಗಡ್ಡೆ. ಜೊತೆಗೆ ನಮ್ಮ ಪಲ್ಯ, ಅನ್ನ, ಪಾಯಸ, ಮಜ್ಜಿಗೆ. ಉಪ್ಪು ಎಲೆಯ ತುದಿಯಲ್ಲಿ, ಇರಬೇಕಾದ ಜಾಗದಲ್ಲೇ ಇತ್ತು. ಎಲ್ಲ ಉಂಡು ಕೈ ತಡೆದು ಕೂತೆ. ಇವತ್ತಂತೂ ಬರಲೇಬೇಕಲ್ಲ? ಕೆಳಗೆ ಅಣ್ಣ ಸೂಟ್‌ಕೇಸ್ ಕಾರಿಗೆ ಇಟ್ಟು ಹಾರ್ನ್ ಹೊಡೆದ.

"ಅತ್ತಿಗೆ, ಸಾರು?" ಎಂದೆ.

"ಕ್ವಾಟಿ ಬಡಿಸಿದೆನಲ್ಲ."

"ಅದಲ್ಲ. ಹುಳಿಸಾರು. ಹೊರಟವರಿಗೆ ಕೊಡುವುದು ನಿಮ್ಮ ಪದ್ಧತಿ. ನಾನು ಹೊರಟಿದ್ದೇನೆ. ಪದ್ಧತಿ ಅಂದ ಮೇಲೆ ಎಲ್ಲರಿಗೂ ಒಂದೇ."

"ಪದ್ಧತಿ ನಮ್ಮದಲ್ಲ ಮಾರಾಯ್ತಿ," ಎಂದರು ಅತ್ತಿಗೆ. "ನನ್ನ ತವರಿನಲ್ಲಿ ಪೌಂ ಕ್ವಾ ಕುಡಿಯುದು ಹೊಟ್ಟೆ ಹಗುರ ಆಗ್ಲಿಕ್ಕೆ. ಆಮೇಲೆ ಮೊಸರು, ಹಣ್ಣು ಎಲ್ಲ ಉಂಟು. ಯಾರನ್ನೂ ಎಬ್ಬಿಸ್ಲಿಕ್ಕೆ ಅಲ್ಲ. ಬಡಿಸಿ ಎಬ್ಬಿಸುದನ್ನು ನಾನು ಕಲಿತದ್ದು ನಿಮ್ಮ ಮನೆಯಲ್ಲಿ."

ಅವರು ನನ್ನ ಎಲೆಯ ಎದುರು ಕೂತರು.

"ಮದುವೆಯಾಗಿ ಮೊದಲ ಸಲ ಊರಿಗೆ ಬಂದಾಗ, ಗೊತ್ತುಂಟಾ? ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ನಿಮ್ಮ ದೊಡ್ಡಮ್ಮ ಎಲ್ಲರಿಗೂ ಪಲ್ಯ ಬಡಿಸಿದರು. ನನ್ನ ಎಲೆಗೆ ಬರೀ ಅನ್ನ ಹಾಕಿ, ಅದರ ಮೇಲೆ ಮಜ್ಜಿಗೆ ಸುರಿದರು. ನನಗೆ ನಿಮ್ಮ ಕ್ರಮ ಗೊತ್ತಿರಲಿಲ್ಲ. ಆದರೆ ಸಾಲಿನವರ ಮುಖ ನೋಡಿ ಗೊತ್ತಾಯ್ತು, ಏಳು ಅಂತ ಹೇಳಿದ್ದು. ಏಳ್ಲಿಕ್ಕೆ ಹೊರಟೆ. ಆಗ ಎದುರು ಸಾಲಿನಿಂದ ಕನ್ನಡಕ ಹಾಕಿದ ಒಬ್ಬಳು ತುಳುವಿನಲ್ಲಿ ಎಂತದೋ ಜೋರಾಗಿ ಹೇಳಿದಳು. ನಿಮ್ಮ ದೊಡ್ಡಮ್ಮ ನನ್ನ ಎಲೆ ಬದಲಾಯಿಸಿ, ಉಪ್ಪಿನಿಂದ ಶುರು ಮಾಡಿ ಮತ್ತೆ ಬಡಿಸಿದರು. ಅವಳು ಹೇಳಿದ್ದು ಎಂತ ಅಂತ ಆಮೇಲೆ ನಿನ್ನ ಅಣ್ಣನ ಹತ್ತಿರ ಕೇಳಿದೆ."

"ನಾನು ಏನು ಹೇಳಿದ್ದೆ?"

"'ಪಲ್ಯ ಬಂದಿಲ್ಲ, ಸಾರು ಬಂದಿಲ್ಲ, ಮಜ್ಜಿಗೆ ಹೇಗೆ ಬಂತು? ಈ ಮನೆಯಲ್ಲಿ ಕ್ರಮ ಇಲ್ವಾ?'"

ಆ ಊಟ ನನಗೆ ನೆನಪೇ ಇಲ್ಲ. ಆದರೆ ಮಾತು ನನ್ನದೇ, ಅದರಲ್ಲಿ ಅನುಮಾನವಿಲ್ಲ. ಇಲ್ಲದ ಒಳ್ಳೆಯತನವನ್ನು ಹೊತ್ತುಕೊಳ್ಳುವವಳು ನಾನಲ್ಲ. ಇದ್ದದ್ದನ್ನೇ ಹೇಳಿದೆ: "ಅತ್ತಿಗೆ, ಅದು ನಿಮಗೋಸ್ಕರ ಹೇಳಿದ್ದಾಗಿರಲಿಕ್ಕಿಲ್ಲ. ಕ್ರಮ ತಪ್ಪಿತು ಅಂತ ಹೇಳಿದ್ದು. ಯಾರ ಎಲೆಯಾದರೂ ನಾನು ಹೇಳುತ್ತಿದ್ದೆ."

"ಗೊತ್ತುಂಟು," ಎಂದರು ಅತ್ತಿಗೆ. "ಕನಿಕರಕ್ಕೆ ಹೇಳಿದ್ದಿದ್ದರೆ ನಾನು ಅವತ್ತು ಉಣ್ತಾ ಇರಲಿಲ್ಲ."

ಕೆಳಗೆ ಅಣ್ಣ ಮತ್ತೆ ಹಾರ್ನ್ ಹೊಡೆದ. ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು. ಖಾಲಿ ಹಿತ್ತಾಳೆ ಬಟ್ಟಲು ಅಲ್ಲಿ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಅವರು ಅದನ್ನು ಮುಟ್ಟಲಿಲ್ಲ. ನನಗೆ ಕೈ ತೊಳೆಯಲು ನೀರು ಹಿಡಿದುಕೊಂಡು ಬಂದರು.

ನಾನು ಎಲೆಯ ಅಂಚಿಗೆ ಕೈ ಹಾಕಿದವಳು ಹಿಂದೆ ತೆಗೆದುಕೊಂಡೆ. ಬುದ್ಧಿ ಬಂದಂದಿನಿಂದ ಒಂದು ಎಲೆಯೂಟದಲ್ಲೂ ತಪ್ಪದ ಆ ಕ್ರಮವನ್ನು ಬಿಟ್ಟು, ಎಲೆ ಮಡಚದೆ ಎದ್ದೆ.